ಮಲೆನಾಡಿನ ಇಳಿಜಾರಿನಲ್ಲಿ ಕ್ಯಾರವಾನನ್ನು ಮಟ್ಟಕ್ಕೆ ತಂದು ನಿಲ್ಲಿಸಿದ್ದು

ತೀರ್ಥಹಳ್ಳಿ–ಕೋಣಂದೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಅಕ್ಕನ ಮನೆಯ ಅಂಗಳದಲ್ಲಿ ಮೊದಲ ಬಾರಿಗೆ ನಮ್ಮ ಕ್ಯಾರವಾನ್ ನಿಲ್ಲಿಸಿದ ದಿನ, ಎಲ್ಲವನ್ನೂ ಸರಿಯಾಗಿಯೇ ಮಾಡಿ ಮುಗಿಸಿದ್ದೇನೆಂಬ ನಂಬಿಕೆಯಿಂದ ಒಳಗೆ ಹೋಗಲು ಬಾಗಿಲಿನ ಹಿಡಿಕೆ ತಿರುಗಿಸಿದರೆ, ಬಾಗಿಲು ತೆರೆಯಲಿಲ್ಲ. ಹಿಡಿಕೆ ಸಲೀಸಾಗಿಯೇ ತಿರುಗುತ್ತಿತ್ತು. ಆದರೆ ಬಾಗಿಲಿನ ಮೇಲ್ಮೂಲೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಕೆಳಮೂಲೆಯಲ್ಲಿ ಮಾತ್ರ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಅಂದರೆ ಬಾಗಿಲು ನೆಟ್ಟಗೇ ಇತ್ತು, ಅದನ್ನು ಹಿಡಿದುಕೊಂಡಿದ್ದ ಚೌಕಟ್ಟು ಓರೆಯಾಗಿತ್ತು.

ನಮ್ಮದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಂದೇ ಅಚ್ಚಿನ, ಎರಡು ಚಕ್ರದ ಗಾಡಿ. ಚಾಸಿ, ಬ್ರೇಕು ಮತ್ತು ಕೊಂಡಿ ಯುರೋಪಿನಿಂದ ತರಿಸಿದವು. ಮೇಲಿನ ಮನೆಯನ್ನು ಇಲ್ಲಿಯೇ ಕಟ್ಟಿಸಿದ್ದು. ಸಾಮಾನು ತುಂಬಿದ ಮೇಲೆ ಅದರ ತೂಕ ಸುಮಾರು 1,100 ಕಿಲೋ. ನಾಲ್ಕು ಮೂಲೆಗಳಲ್ಲಿ ಕೈಯಿಂದ ತಿರುಗಿಸಿ ಇಳಿಸುವ ನಾಲ್ಕು ಕಬ್ಬಿಣದ ಕಾಲುಗಳಿವೆ. ಮುಂದೆ, ಮೂಕಿಯ ತುದಿಯಲ್ಲಿ, ಮೇಲೆ ಕೆಳಗೆ ಮಾಡಬಹುದಾದ ಒಂದು ಚಿಕ್ಕ ಚಕ್ರವಿದೆ, ಅದಕ್ಕೆ ಜಾಕಿ ಚಕ್ರ ಎನ್ನುತ್ತಾರೆ. ಗಾಡಿಯನ್ನು ಕೈಗೆ ಕೊಟ್ಟ ವರ್ಕ್‌ಶಾಪಿನವರು, ನಿಲ್ಲಿಸಿದ ಮೇಲೆ ಯಾವ ಮೂಲೆ ತಗ್ಗಿದೆಯೋ ಆ ಮೂಲೆಯ ಕಾಲನ್ನು ತಿರುಗಿಸಿ ಎತ್ತಿಕೊಂಡರೆ ಮಟ್ಟವಾಗುತ್ತದೆ ಎಂದು ಹೇಳಿ ಕಳುಹಿಸಿದ್ದರು. ನಾನು ಅಕ್ಷರಶಃ ಅದನ್ನೇ ಮಾಡಿದ್ದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆನೀರು ಹರಿದುಹೋಗಲೆಂದು ಸ್ವಲ್ಪ ವಾಟ ಕೊಟ್ಟಿರುತ್ತಾರೆ, ಎಡಗಡೆ ತಗ್ಗಾಗಿತ್ತು, ಎಡಗಡೆಯ ಎರಡು ಕಾಲುಗಳನ್ನು, ರಟ್ಟೆ ನೋಯುವವರೆಗೆ ತಿರುಗಿಸಿ, ಗಾಡಿಯನ್ನು ಎತ್ತಿದ್ದೆ.

ಭಾವನವರು ಕೊಟ್ಟಿಗೆಯ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆದರು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಎಡಚಕ್ರದ ಟೈರನ್ನು ಕಾಲಿನಿಂದ ಒತ್ತಿ ನೋಡಿ, "ಇದು ಚಕ್ರದ ಮೇಲೆ ನಿಂತಿಲ್ಲ ಸಾರ್, ಕಾಲಿನ ಮೇಲೆ ನಿಂತದೆ. ಕಾಲು ಸಡಿಲ ಮಾಡಿ, ಬಾಗಿಲು ತಾನೇ ಬಿಡ್ತದೆ" ಎಂದರು. ಹಾಗೆಯೇ ಆಯಿತು. ಕಾಲುಗಳನ್ನು ಮೇಲಕ್ಕೆತ್ತಿದ ಕೂಡಲೇ ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಕುಳಿತಿತು, ಬಾಗಿಲು ಬೆರಳಿನಿಂದ ತಳ್ಳಿದರೆ ಸಾಕೆನ್ನುವಂತೆ ತೆರೆದುಕೊಂಡಿತು.

ಕ್ಯಾರವಾನ್ ನಿಲ್ಲಿಸುವ ಕೆಲಸದ ತಿರುಳು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಗಾಡಿಯ ಭಾರವನ್ನು ಹೊರಬೇಕಾದದ್ದು ಅಚ್ಚು ಮತ್ತು ಚಕ್ರಗಳು. ಮೂಲೆಗಾಲುಗಳು ಇರುವುದು, ಒಳಗೆ ನಾವು ಓಡಾಡುವಾಗ ಗಾಡಿ ತೂಗಾಡದಂತೆ, ಮುಂದಕ್ಕೋ ಹಿಂದಕ್ಕೋ ವಾಲದಂತೆ ತಡೆಯುವುದಕ್ಕೆ ಮಾತ್ರ. ಅವುಗಳನ್ನು ಜಾಕ್‌ನಂತೆ ಬಳಸಿದರೆ ಇಡೀ ಚಾಸಿ ತಿರುಚಿಕೊಳ್ಳುತ್ತದೆ. ಮೊದಲು ಬಾಗಿಲು ಬಿಗಿಯುತ್ತದೆ, ಆಮೇಲೆ ಕಿಟಕಿಗಳ ರಬ್ಬರು ಮತ್ತು ಗೋಡೆಯ ಬೆಸುಗೆಗಳು ಸಡಿಲಗೊಂಡು, ನಮ್ಮ ಕಡೆಯ ಮಳೆಗೆ ನೀರು ಒಳಗಿಳಿಯಲು ದಾರಿಯಾಗುತ್ತದೆ. ಕಾಲು ಮಡಚಿಕೊಂಡರೆ ಗಾಡಿ ಒಮ್ಮೆಗೇ ಕುಸಿಯುವ ಅಪಾಯ ಇನ್ನೊಂದು ಕಡೆ.

ಹಾಗಾದರೆ ಮಟ್ಟ ಮಾಡುವುದು ಹೇಗೆ? ಎರಡು ದಿಕ್ಕಿನ ಮಟ್ಟವನ್ನು ಎರಡು ಬೇರೆ ಉಪಾಯಗಳಿಂದ ತರಬೇಕು. ಎಡಬಲದ ಮಟ್ಟವನ್ನು ತಗ್ಗಿರುವ ಕಡೆಯ ಚಕ್ರದ ಕೆಳಗೆ ಹಲಗೆ ಕೊಟ್ಟು, ಗಾಡಿ ಕಾರಿಗೆ ಕಟ್ಟಿಕೊಂಡಿರುವಾಗಲೇ ತರಬೇಕು. ಹಿಂದುಮುಂದಿನ ಮಟ್ಟವನ್ನು ಕೊಂಡಿ ಬಿಚ್ಚಿದ ಮೇಲೆ ಜಾಕಿ ಚಕ್ರ ತಿರುಗಿಸಿ ತರಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಲು ಬರುವುದಿಲ್ಲ, ಏಕೆಂದರೆ ಕೊಂಡಿ ಬಿಚ್ಚಿದ ಮೇಲೆ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಲು ಎಳೆಯುವ ಶಕ್ತಿಯೇ ಇರುವುದಿಲ್ಲ.

ಮೇಸ್ತ್ರಿ ತಮ್ಮ ರಸಮಟ್ಟ ತಂದರು. ಒಂದು ಮೀಟರ್ ಉದ್ದದ, ಅಂಚಿನಲ್ಲಿ ಸಿಮೆಂಟು ಒಣಗಿ ಅಂಟಿದ್ದ ಹಳೆಯ ಅಲ್ಯೂಮಿನಿಯಂ ಪಟ್ಟಿ ಅದು. ಅದನ್ನು ಒಳಗೆ, ಅಚ್ಚಿನ ನೇರಕ್ಕೆ, ನೆಲದ ಮೇಲೆ ಅಡ್ಡಲಾಗಿ ಇಟ್ಟರು. ಗುಳ್ಳೆ ಬಲಕ್ಕೆ ಓಡಿತು. ತಗ್ಗಿನ ತುದಿಯ ಕೆಳಗೆ ತೆಳು ಚಕ್ಕೆಗಳನ್ನು ಒಂದೊಂದಾಗಿ ತುರುಕುತ್ತಾ ಹೋದಾಗ, 2 ಸೆಂಟಿಮೀಟರ್ ಎತ್ತರಕ್ಕೆ ಗುಳ್ಳೆ ನಡುವಿನ ಎರಡು ಗೆರೆಗಳ ಮಧ್ಯೆ ಬಂದು ನಿಂತಿತು. ಒಂದು ಮೀಟರಿಗೆ 2 ಸೆಂಟಿಮೀಟರ್ ಎಂದರೆ, ನಮ್ಮ ಎರಡು ಚಕ್ರಗಳ ನಡುವಿನ ಅಂತರ 2 ಮೀಟರ್ ಇರುವುದರಿಂದ, ಎಡಚಕ್ರವನ್ನು 4 ಸೆಂಟಿಮೀಟರ್ ಎತ್ತಬೇಕು. ಲೆಕ್ಕ ಇಷ್ಟೇ, ಆದರೆ ಇದನ್ನು ಮಾಡದೆ ಕಣ್ಣಂದಾಜಿನಲ್ಲಿ ಹಲಗೆ ಇಟ್ಟರೆ ಮೂರು ನಾಲ್ಕು ಬಾರಿ ಕಾರು ಹಿಂದೆ ಮುಂದೆ ಮಾಡಬೇಕಾಗುತ್ತದೆ. ಮಲೆನಾಡಿನಲ್ಲಿ ಕಣ್ಣನ್ನು ನಂಬುವಂತೆಯೂ ಇಲ್ಲ: ಹಿಂದೆ ಗುಡ್ಡ, ಮುಂದೆ ಗದ್ದೆಬಯಲು, ಪಕ್ಕದಲ್ಲಿ ತೋಟದ ಇಳಿಜಾರು ಇರುವ ಜಾಗದಲ್ಲಿ ನಿಜವಾದ ಅಡ್ಡಗೆರೆ ಎಲ್ಲಿಯೂ ಕಾಣುವುದಿಲ್ಲ.

ಭಾವನವರ ಬಳಿ 2 ಸೆಂಟಿಮೀಟರ್ ದಪ್ಪದ ಅಕೇಶಿಯಾ ಹಲಗೆಗಳಿದ್ದವು. ಕೆಳಗೆ ಉದ್ದದ್ದು, ಮೇಲೆ ಗಿಡ್ಡದ್ದು ಜೋಡಿಸಿ, ಜಾರದಂತೆ ಮೊಳೆ ಹೊಡೆದು ಮೆಟ್ಟಿಲಿನಂತೆ ಮಾಡಿದೆವು. ಹಲಗೆಯ ಅಗಲ ಟೈರಿನ ಅಗಲಕ್ಕಿಂತ ಹೆಚ್ಚಿರಬೇಕು. ಟೈರಿನ ಅರ್ಧ ಭಾಗ ಹಲಗೆಯ ಮೇಲೂ ಇನ್ನರ್ಧ ಗಾಳಿಯಲ್ಲೂ ನಿಂತರೆ ಒಳಗಿನ ಪದರಗಳು ಹಾಳಾಗುತ್ತವೆ, ಹೊರಗೆ ಅದು ಕಾಣುವುದೂ ಇಲ್ಲ. ಮೊದಲು ಯಾರೋ ಅಡಿಕೆ ದಬ್ಬೆ ಇಡಬಹುದಲ್ಲ ಎಂದರು. ದಬ್ಬೆಯಿಂದ ಚಪ್ಪರ ಹಾಕಬಹುದು, ಬೇಲಿ ಕಟ್ಟಬಹುದು. ಆದರೆ ಒಂದೊಂದು ಚಕ್ರದ ಮೇಲೆ ಐನೂರು ಕಿಲೋಗೂ ಮಿಕ್ಕಿ ಭಾರ ಬೀಳುವ ಜಾಗದಲ್ಲಿ, ಒಳಗೆಲ್ಲ ನಾರಿರುವ ಅದು ಸೀಳಿಹೋಗುತ್ತದೆ. ಟೊಳ್ಳು ಸಿಮೆಂಟ್ ಇಟ್ಟಿಗೆಯನ್ನಂತೂ ಯಾರೂ ಆಸರೆಗೆ ಬಳಸಬಾರದು; ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ.

ಪತ್ನಿ ಚಕ್ರದ ಪಕ್ಕದಲ್ಲಿ, ಅದರ ದಾರಿಗೆ ಅಡ್ಡವಾಗದಷ್ಟು ದೂರ ನಿಂತು ಕೈಸನ್ನೆ ಮಾಡಿದಳು. ನಾನು ಕಾರನ್ನು ಮೊದಲ ಗೇರಿನಲ್ಲಿ, ಆಮೆಯ ವೇಗದಲ್ಲಿ ಮುಂದಕ್ಕೆ ತಂದೆ. ಚಕ್ರ ಮೊದಲ ಮೆಟ್ಟಿಲು ಹತ್ತಿತು, ಎರಡನೆಯದರ ನಡುವಿಗೆ ಬಂದು ನಿಂತಿತು. ಗಾಡಿಯ ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಚಕ್ರಗಳ ಹಿಂದೂ ಮುಂದೂ ಮರದ ಬೆಣೆ ಕೊಟ್ಟ ಮೇಲೆಯೇ ವಿದ್ಯುತ್ ತಂತಿ, ತುರ್ತು ಬ್ರೇಕಿನ ಸರಿಗೆ, ಕೊನೆಗೆ ಕೊಂಡಿ ಬಿಚ್ಚಿದ್ದು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೀರ್ಥಹಳ್ಳಿಯ ರಾಮೇಶ್ವರನ ತೇರು ಎಳೆಯುವಾಗ ಹಗ್ಗ ಹಿಡಿದವರನ್ನು ಎಲ್ಲರೂ ನೋಡುತ್ತಾರೆ. ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವವರ ಮೇಲೆ ನನ್ನ ಗಮನ ಹರಿದದ್ದು ಈ ಗಾಡಿ ಬಂದ ಮೇಲೆ.

ಬೆಣೆಯ ಬೆಲೆ ನನಗೆ ನಿಜವಾಗಿ ತಿಳಿದದ್ದು ಮಂಡಗದ್ದೆಯ ಸಮೀಪ, ಗೆಳೆಯರೊಬ್ಬರ ತೋಟದಲ್ಲಿ. ಅಲ್ಲಿ ಜಾಗ ಚಿಕ್ಕದಾಗಿದ್ದುದರಿಂದ ಗಾಡಿಯ ಮೂತಿ ಏರಿನ ಕಡೆಗೆ ಬರುವಂತೆ ನಿಲ್ಲಿಸಿದ್ದೆವು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದೆ. ಬಲಚಕ್ರಕ್ಕೆ ಬೆಣೆ ಕೊಟ್ಟು ಎಡಚಕ್ರದ ಬೆಣೆ ಹುಡುಕುತ್ತಿರುವಾಗ ಗೆಳೆಯರು ಸಹಾಯ ಮಾಡುವ ಉದ್ದೇಶದಿಂದ ಕೊಂಡಿ ಎತ್ತಿಬಿಟ್ಟರು. ಗಾಡಿ ಓರೆಯಾಗಿ, ಎಡಗಡೆಯಿಂದ ಸುಮಾರು ಒಂದು ಗೇಣು ಹಿಂದಕ್ಕೆ ಉರುಳಿ, ಕಟಕ್ಕೆಂದು ನಿಂತಿತು. ಹ್ಯಾಂಡ್ ಬ್ರೇಕಿನ ಹಿಡಿಕೆ ತಾನಾಗಿಯೇ ಇನ್ನಷ್ಟು ಮೇಲಕ್ಕೆ ಎದ್ದಿತ್ತು.

ಇದು ಬ್ರೇಕಿನ ದೋಷವಾಗಿರಲಿಲ್ಲ. ಕಾರು ಬ್ರೇಕ್ ಹಾಕಿದಾಗ ಗಾಡಿ ಮುಂದಕ್ಕೆ ನುಗ್ಗುವ ಒತ್ತಡದಿಂದಲೇ ಗಾಡಿಯ ಬ್ರೇಕು ಹಿಡಿಯುವ ವ್ಯವಸ್ಥೆ ನಮ್ಮದು. ಅಂಥ ಗಾಡಿಯನ್ನು ರಿವರ್ಸ್ ತೆಗೆಯುವಾಗ ಬ್ರೇಕು ಹಿಡಿದುಕೊಳ್ಳದಿರಲೆಂದು, ಚಕ್ರ ಹಿಂದಕ್ಕೆ ತಿರುಗಿದಾಗ ಬ್ರೇಕ್ ಶೂ ತಾನಾಗಿ ಸಡಿಲಗೊಳ್ಳುವಂತೆ ಡ್ರಮ್ಮಿನೊಳಗೆ ಏರ್ಪಾಡು ಮಾಡಿರುತ್ತಾರೆ. ಇಳಿಜಾರಿನಲ್ಲಿ ಗಾಡಿ ತಾನೇ ಹಿಂದಕ್ಕೆ ಜಾರಿದಾಗಲೂ ಮೊದಲು ಅದೇ ಸಡಿಲಿಕೆ ಆಗುತ್ತದೆ. ಆ ಮೇಲೆ ಹ್ಯಾಂಡ್ ಬ್ರೇಕಿನ ಸ್ಪ್ರಿಂಗು ಉಳಿದ ಸಡಿಲವನ್ನು ಎಳೆದುಕೊಂಡು ಚಕ್ರವನ್ನು ಕಟ್ಟಿಹಾಕುತ್ತದೆ. ನಡುವೆ ಗಾಡಿ ಆ ಒಂದು ಗೇಣು ಹೋಗಿಯೇ ಹೋಗುತ್ತದೆ. ಹಿಂದೆ ಮಗು ನಿಂತಿದ್ದರೆ, ಕೆಳಗೆ ಯಾರದ್ದಾದರೂ ಪಾದವಿದ್ದರೆ ಒಂದು ಗೇಣು ಬಹಳ ದೊಡ್ಡ ದೂರ. ಅಂದಿನಿಂದ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡಿದ್ದೇವೆ: ನಾಲ್ಕು ಬೆಣೆಗಳನ್ನೂ ಪತ್ನಿ ಎಣಿಸಿ "ನಾಲ್ಕು" ಎಂದು ಗಟ್ಟಿಯಾಗಿ ಹೇಳುವವರೆಗೆ ಕೊಂಡಿಯನ್ನು ನಾನೂ ಮುಟ್ಟುವುದಿಲ್ಲ, ಬೇರೆಯವರಿಗೂ ಮುಟ್ಟಲು ಬಿಡುವುದಿಲ್ಲ. ಸಾಧ್ಯವಾದಲ್ಲೆಲ್ಲ ಮೂತಿಯನ್ನು ಇಳಿಜಾರಿನ ಕಡೆಗೇ ಇಡುತ್ತೇವೆ. ಜಾಕಿ ಚಕ್ರದಿಂದ ಮೂತಿಯನ್ನು ಎತ್ತುವುದು ಸುಲಭ, ಏರಿನ ಕಡೆಗಿರುವ ಮೂತಿಯನ್ನು ನೆಲಕ್ಕಿಂತ ಕೆಳಗೆ ಇಳಿಸಲಾಗುವುದಿಲ್ಲ.

ಮೂತಿಯ ಭಾರದ ವಿಷಯವನ್ನೂ ಇಲ್ಲಿ ಹೇಳಬೇಕು. ಭಾವನವರು ಮೊದಲ ದಿನವೇ, "ಎತ್ತಿನ ಗಾಡೀಲಿ ಮುಂಭಾರ ಇಲ್ದಿದ್ರೆ ಮೂಕಿ ಎದ್ದುಹೋಗ್ತಿತ್ತಲ್ಲ ಮಾರಾಯ, ಇದಕ್ಕೂ ಹಾಗೇ ಅಲ್ವಾ?" ಎಂದು ಕೇಳಿದ್ದರು. ಖಂಡಿತ ಹಾಗೆಯೇ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವವರಿಗೆ ಸಾಮಾನ್ಯವಾಗಿ ಹೇಳುವ ಮಾತೆಂದರೆ, ಗಾಡಿಯ ಒಟ್ಟು ತೂಕದ ಶೇ. 5ರಿಂದ 7ರಷ್ಟು ಮೂತಿಯ ಮೇಲೆ ಇರಬೇಕು. ಅಡಿಕೆ ಮೂಟೆ ತೂಗುವ ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ನಮ್ಮ ಗಾಡಿಯ ಕೊಂಡಿ ಇಳಿಸಿ ನೋಡಿದಾಗ 68 ಕಿಲೋ ಬಂದಿತು. ಈಗ ಭಾರವನ್ನು ಅಚ್ಚಿನಿಂದ ಅದಕ್ಕಿರುವ ದೂರದಿಂದ ಗುಣಿಸಿ ಎಳೆತದ ಲೆಕ್ಕ ಹಾಕಿ ನೋಡಿ: ಮೂತಿಯ 68 ಕಿಲೋ ಅಚ್ಚಿನಿಂದ 3 ಮೀಟರ್ ಮುಂದಿದೆ. ತಲಾ 65 ಕಿಲೋದ ಇಬ್ಬರು ಅಚ್ಚಿನಿಂದ 2 ಮೀಟರ್ ಹಿಂದಿರುವ ಹಾಸಿಗೆಯ ಮೇಲೆ ಕುಳಿತರೆ ಹಿಂಭಾಗದ ಎಳೆತ 260, ಮುಂಭಾಗದ್ದು 204. ಕಾಲುಗಳನ್ನು ಇಳಿಸದೆ ಮಕ್ಕಳು ಹಿಂದಿನ ಹಾಸಿಗೆಗೆ ಓಡಿದರೆ ಮೂಕಿ ಎದ್ದೇ ಏಳುತ್ತದೆ. ಆದ್ದರಿಂದ ನಾಲ್ಕು ಕಾಲುಗಳೂ ನೆಲ ಮುಟ್ಟುವವರೆಗೆ, ಒಳಗೆ ಹೋಗಿ ರಸಮಟ್ಟ ನೋಡುವ ಒಬ್ಬರನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ. ಆ ಒಬ್ಬರೂ ಅಚ್ಚಿಗಿಂತ ಹಿಂದಕ್ಕೆ ಕಾಲಿಡುವುದಿಲ್ಲ.

ಜಾಕಿ ಚಕ್ರದ ಕೆಳಗೆ ಒಂದು ಹಲಗೆ ಇಟ್ಟು, ರಸಮಟ್ಟವನ್ನು ಈಗ ಉದ್ದಕ್ಕೆ ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಮೂತಿಯನ್ನು ಏರಿಸುತ್ತೇನೆ. ಆ ಮೇಲೆ ಕಾಲುಗಳು. ಪ್ರತಿ ಕಾಲಿನ ಕೆಳಗೂ ಹಲಗೆ ಇಟ್ಟು, ಪಾದ ಹಲಗೆಯನ್ನು ಮುಟ್ಟುವವರೆಗೆ ಒಂದೇ ಹದದಲ್ಲಿ ತಿರುಗಿಸುತ್ತೇನೆ. ಮುಟ್ಟುವ ಮುನ್ನ ಹಲಗೆಯನ್ನು ಬೆರಳಿನಿಂದ ಅಲ್ಲಾಡಿಸಬಹುದು. ಮುಟ್ಟಿದ ಮೇಲೆ ಹಲಗೆ ಕದಲುವುದಿಲ್ಲ. ಅಲ್ಲಿಂದ ಮುಂದೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಕೈಗೆ ಭಾರ ತಟ್ಟತೊಡಗಿದರೆ ಅದು ನಿಲ್ಲಿಸಲು ಸೂಚನೆ. ನಾಲ್ಕೂ ಆದ ಮೇಲೆ ರಸಮಟ್ಟವನ್ನು ಮತ್ತೊಮ್ಮೆ ನೋಡುತ್ತೇನೆ, ಏಕೆಂದರೆ ಗುಳ್ಳೆ ಕದಲಿದ್ದರೆ ನಾನು ಕಾಲಿನಿಂದ ಗಾಡಿಯನ್ನು ಎತ್ತಿದ್ದೇನೆ ಎಂದೇ ಅರ್ಥ.

ಹಲಗೆ ಯಾಕೆ ಬೇಕೆಂಬುದಕ್ಕೆ ಹೊಸನಗರದ ಕಡೆಯ ಒಂದು ರಾತ್ರಿ ಸಾಕ್ಷಿ. ಅಕ್ಟೋಬರ್ ತಿಂಗಳು, ಮುಂಗಾರು ಮುಗಿಯಿತೆಂದು ಎಲ್ಲರೂ ನಿರಾಳವಾಗಿದ್ದರು. ಹುಲ್ಲು ಹಾಸಿದ ಬ್ಯಾಣದಂಥ ಜಾಗ, ಮೇಲೆ ಒಣಗಿ ಗಟ್ಟಿಯಾಗಿ ಕಾಣುತ್ತಿತ್ತು. ಕಾಲುಗಳ ಕೆಳಗೆ ಅಂಗೈ ಅಗಲದ ಚಿಕ್ಕ ಚಿಕ್ಕ ತುಂಡುಗಳನ್ನೇ ಇಟ್ಟಿದ್ದೆ. ಸಂಜೆ ಗುಡುಗು ಸಹಿತ ಮಳೆ ಹಿಡಿಯಿತು. ನಡುರಾತ್ರಿ ಹಾಸಿಗೆಯ ಬಳಿ ಇಟ್ಟಿದ್ದ ನೀರಿನ ಬಾಟಲಿ ತಾನಾಗಿ ಉರುಳಿ ಗೋಡೆಗೆ ತಾಗಿದ ಸದ್ದಿಗೆ ಎಚ್ಚರವಾಯಿತು. ಟಾರ್ಚ್ ಹಿಡಿದು ಹೊರಗೆ ಹೋದರೆ, ಹಿಂದಿನ ಎಡಗಾಲು ತುಂಡಿನ ಸಮೇತ ಕೆಂಪು ಕೆಸರಿನೊಳಗೆ ನಾಲ್ಕು ಬೆರಳು ಹೂತಿತ್ತು. ಎಡಚಕ್ರವೂ ಹಲಗೆಯೊಡನೆ ಸ್ವಲ್ಪ ತಗ್ಗಿತ್ತು. ಕತ್ತಲೆಯಲ್ಲಿ, ಮಳೆಯಲ್ಲಿ ಆ ಕಾಲನ್ನು ತಿರುಗಿಸಿ ಗಾಡಿಯನ್ನು ಮೇಲೆತ್ತಬೇಕೆಂಬ ಆಸೆ ಬಲವಾಗಿಯೇ ಇತ್ತು. ಎತ್ತಲಿಲ್ಲ. ಕಾಲನ್ನು ಪೂರ್ತಿ ಸಡಿಲಿಸಿ, ಕೆಸರು ತೋಡಿ, ಅಗಲವಾದ ಹಲಗೆ ಹಾಕಿ, ಮತ್ತೆ ಮುಟ್ಟಿಸಿದೆ, ಅಷ್ಟೇ. ಬೆಳಗಿನವರೆಗೆ ಓರೆಯಲ್ಲಿಯೇ ಮಲಗಿದೆವು.

ಮೂಲೆಗಾಲಿನ ಪಾದದ ವಿಸ್ತಾರ 60 ಚದರ ಸೆಂಟಿಮೀಟರ್. ಅದರ ಮೇಲೆ 80 ಕಿಲೋ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 1.3 ಕಿಲೋ ಒತ್ತಡ. ಅದೇ ಭಾರವನ್ನು 30 ಸೆಂಟಿಮೀಟರ್ ಚೌಕದ, ಬಾಗದಷ್ಟು ದಪ್ಪದ ಹಲಗೆಯ ಮೇಲೆ ಹರಡಿದರೆ ಒತ್ತಡ ಹದಿನೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೆಂದ ಮಣ್ಣಿಗೆ ಇದು ಮುಳುಗುವುದಕ್ಕೂ ತೇಲುವುದಕ್ಕೂ ಇರುವ ವ್ಯತ್ಯಾಸ. ಮರುದಿನ ಕಾಲುಗಳನ್ನು ಎತ್ತಿ, ಗಾಡಿಯನ್ನು ಕಾರಿಗೆ ಕಟ್ಟಿ ಮುಂದಕ್ಕೆ ಎಳೆದು, ಚಕ್ರ ನಿಲ್ಲುವ ಜಾಗದಲ್ಲಿ ಮಣ್ಣು ತೆಗೆದು ಜಂಬಿಟ್ಟಿಗೆ ಕಲ್ಲುಗಳನ್ನು ಅಗಲವಾಗಿ ಹಾಸಿ, ಅದರ ಮೇಲೆ ಹಲಗೆ ಇಟ್ಟೆವು. ಜಂಬಿಟ್ಟಿಗೆ ನಮ್ಮ ನೆಲದ್ದೇ ಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ. ನಮ್ಮ ಮಾತಿನಲ್ಲಿಯೂ ಇಟ್ಟಿಗೆ ಅದರೊಳಗೇ ಕುಳಿತಿದೆ. ನೆಲಕ್ಕೆ ಹಾಸಲು ಅದು ಒಳ್ಳೆಯದು, ಆದರೆ ಒಂದರ ಮೇಲೊಂದು ಪೇರಿಸಿ ಜಾಕ್‌ನ ಕೆಳಗೆ ಕೊಟ್ಟರೆ ಬಿರಿಯುತ್ತದೆ.

ಒಂದೆರಡು ಡಿಗ್ರಿ ಓರೆಯಾದರೆ ಏನು ಮಹಾ ಎಂದು ಕೇಳುವವರಿಗೆ ನಾನು ಫ್ರಿಜ್ಜನ್ನು ತೋರಿಸುತ್ತೇನೆ. ಗ್ಯಾಸಿನಿಂದ ನಡೆಯುವ ಕ್ಯಾರವಾನ್ ಫ್ರಿಜ್ಜಿನಲ್ಲಿ ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಇಲ್ಲ. ಅಮೋನಿಯಾ ಬೆರೆತ ನೀರು ಕಾಯಿಸಲ್ಪಟ್ಟು, ಮೇಲೇರಿ, ತಣಿದು, ಕೊಳವೆಗಳ ವಾಟದಲ್ಲಿ ತಾನಾಗಿ ಕೆಳಗೆ ಹರಿದು ಬರಬೇಕು. ಗಾಡಿ ಓರೆಯಾಗಿ ನಿಂತರೆ ಆ ದ್ರವ ನಡುದಾರಿಯಲ್ಲಿ ನಿಂತುಬಿಡುತ್ತದೆ. ತಂಪಾಗುವುದು ನಿಲ್ಲುತ್ತದೆ, ಹಾಗೆಯೇ ದಿನಗಟ್ಟಲೆ ಬಿಟ್ಟರೆ ಘಟಕವೇ ಕೆಡುತ್ತದೆ. ಬಚ್ಚಲಿನ ನೀರು ಹೋಗುವುದು, ಒಲೆಯ ಮೇಲೆ ದೋಸೆ ಹಿಟ್ಟು ಒಂದೇ ಕಡೆಗೆ ಹರಿಯದಿರುವುದು, ರಾತ್ರಿ ತಲೆಗೆ ರಕ್ತ ಇಳಿಯದಂತೆ ಮಲಗುವುದು, ಇವೆಲ್ಲ ಆ ಮೇಲಿನ ಮಾತು.

ಹೊರಡುವಾಗ ಇದೆಲ್ಲವೂ ತಿರುಗುಮುರುಗು: ಮೊದಲು ಕಾಲುಗಳು ಪೂರ್ತಿ ಮೇಲಕ್ಕೆ, ಆಮೇಲೆ ಕೊಂಡಿ, ಕೊನೆಯಲ್ಲಿ ಬೆಣೆ.

ಮಳೆಗಾಲದಲ್ಲಿ ನಾವು ಗಾಡಿ ಹೊರಡಿಸುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಜೂನ್ ಬಂದ ಮೇಲೆ ನೆಲ ನಂಬುವಂತಿರುವುದಿಲ್ಲ. ಭಾವನವರ ಕೊಟ್ಟಿಗೆಯ ಪಕ್ಕದ ಸಿಮೆಂಟ್ ನೆಲದ ಮಾಡಿನ ಕೆಳಗೆ ಗಾಡಿ ನಿಲ್ಲಿಸಿ, ಕಾರಿಗೆ ಕಟ್ಟಿದ ಸ್ಥಿತಿಯಲ್ಲಿಯೇ, ಒಂದು ಚಕ್ರಕ್ಕೆ ಬೆಣೆ ಕೊಟ್ಟು ಇನ್ನೊಂದು ಕಡೆಯನ್ನು ಜಾಕ್‌ನಿಂದ ಎತ್ತಿ, ಅಚ್ಚಿನ ಕೆಳಗೆ ಉಕ್ಕಿನ ಸ್ಟ್ಯಾಂಡ್ ಕೊಡುತ್ತೇನೆ. ಆ ಮೇಲೆ ಇನ್ನೊಂದು ಕಡೆ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್. ಬರೀ ಜಾಕ್‌ನ ಮೇಲಿರುವ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು, ಬಿದ್ದ ನಟ್ಟು ಎಷ್ಟೇ ಹತ್ತಿರ ಕಾಣುತ್ತಿರಲಿ. ಎರಡೂ ಚಕ್ರಗಳು ನೆಲ ಬಿಟ್ಟ ಮೇಲೆ, ಕಾಲುಗಳನ್ನು ಇಳಿಸಿ ಮುಟ್ಟಿಸಿ, ಕೊಂಡಿ ಬಿಚ್ಚಿ, ಹ್ಯಾಂಡ್ ಬ್ರೇಕನ್ನು ಸಡಿಲಿಸುತ್ತೇನೆ. ನಾಲ್ಕು ತಿಂಗಳ ತೇವದಲ್ಲಿ ಎಳೆದೇ ಇಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರ ನೆಲದ ಮೇಲೆ ಒಂದೇ ಕಡೆ ಊರಿ ನಿಂತರೆ ಟೈರು ಅಲ್ಲಿ ಚಪ್ಪಟೆಯಾಗುತ್ತದೆ.

ಈ ವರ್ಷ ಮಳೆ ಕಡಿಮೆಯಾದ ಮೇಲೆ ಗಾಡಿಯ ಬಳಿ ಹೋಗಿ ಮೊದಲು ಮಾಡಿದ ಕೆಲಸ, ಎಡಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದ್ದು. ಎಲ್ಲೂ ತಡೆಯದೆ ನಾಲ್ಕು ಸುತ್ತು ತಿರುಗಿ ನಿಂತಿತು. ಕಾಲುಗಳ ತಿರುಪಿಗೆ ಗ್ರೀಸ್ ಹಚ್ಚಿದೆ. ಅಕೇಶಿಯಾ ಹಲಗೆಗಳಲ್ಲಿ ಒಂದರ ಅಂಚಿಗೆ ಗೆದ್ದಲು ಹಿಡಿದಿತ್ತು. ಅದನ್ನು ಬೇರೆ ಇಟ್ಟು, ಮೇಸ್ತ್ರಿಗೆ ಅದೇ ಅಳತೆಯ ಇನ್ನೊಂದು ಹಲಗೆ ಕೊಯ್ಸಿ ಕೊಡಲು ಹೇಳಿ ಬಂದಿದ್ದೇನೆ.